ಮೀನಿಗೆ ಹಾಲು ಹಾಕದ ಕ್ರೀಮಿ ಪಾಸ್ತಾ

ಬಂಟ್ವಾಳಕ್ಕೆ ಸಮುದ್ರ ಇಲ್ಲ. ಮೂಡುಬಿದಿರೆಗೂ ಇಲ್ಲ. ಬೆಳ್ತಂಗಡಿಗಂತೂ ಬೆನ್ನ ಹಿಂದೆಯೇ ಘಟ್ಟ ನಿಂತಿದೆ. ಆದ್ರೂ ಬೆಳಿಗ್ಗೆ ರಸ್ತೆ ತಿರುವಿನಲ್ಲಿ ಮೀನಿನ ಸ್ಕೂಟರಿನ ಹಾರ್ನ್ ಕೇಳಿಸದಿದ್ರೆ ಈ ಮೂರೂ ಊರಿನ ಎಷ್ಟೋ ಅಡುಗೆಮನೆಗಳಲ್ಲಿ ‘ಇವತ್ತು ಎಂತ ಪದಾರ್ಥ?’ ಅನ್ನುವ ಚಿಂತೆ ಶುರುವಾಗ್ತದೆ. ಮಂಗಳೂರಿನ ದಕ್ಕೆಯಲ್ಲಿ ನಸುಕಿಗೆ ಹರಾಜಾದ ಮೀನು ಐಸ್ ಪೆಟ್ಟಿಗೆಯಲ್ಲಿ ಕೂತು ಬಂಟ್ವಾಳಕ್ಕೆ ಸುಮಾರು 25 ಕಿಲೋಮೀಟರ್, ಮೂಡುಬಿದಿರೆಗೆ 35, ಬೆಳ್ತಂಗಡಿಗೆ 60 ಕಿಲೋಮೀಟರ್ ಬರಬೇಕು. ಅಷ್ಟು ದೂರ ಬಂದ ಮೀನಿಗೆ ನಮ್ಮಲ್ಲಿ ಕಾದಿರುವ ದಾರಿ ಹೆಚ್ಚಾಗಿ ಎರಡೇ. ಪುಳಿಮುಂಚಿಯ ಚಟ್ಟಿ, ಇಲ್ಲಾ ಕಾವಲಿ.

ಎರಡೂ ಒಳ್ಳೆಯ ದಾರಿಗಳೇ, ತಕರಾರಿಲ್ಲ. ಆದ್ರೆ ಈ ಸಲ ನಮ್ಮ ಮನೆಗೆ ಮೂರನೆಯದೊಂದು ಬೇಕಾಯ್ತು. ರಜೆಗೆ ಬೆಂಗಳೂರಿನಿಂದ ಅಣ್ಣನ ಮಗಳು ಬಂದಿದ್ದಳು. ಏಳು ವರ್ಷ. ಒಮ್ಮೆ ಬಂಗುಡೆಯ ಮುಳ್ಳು ಗಂಟಲಿಗೆ ಸಿಕ್ಕಿಕೊಂಡ ಮೇಲೆ ಮೀನು ಅಂದ್ರೆ ಬಾಯಿ ಮುಚ್ಚಿಕೊಳ್ತಾಳೆ. ಪಾಸ್ತಾ ಅಂದ್ರೆ ಮಾತ್ರ ತಟ್ಟೆ ಹಿಡಿದು ನಿಲ್ತಾಳೆ. ಶನಿವಾರ ರಾತ್ರಿ ಮೂಡುಬಿದಿರೆಯಿಂದ ನನ್ನ ಅಪ್ಪ, ಅಮ್ಮ, ಅಣ್ಣ, ಅತ್ತಿಗೆ ಎಲ್ಲರೂ ಬಂಟ್ವಾಳದ ನಮ್ಮ ಮನೆಗೆ ಊಟಕ್ಕೆ ಬರುವವರಿದ್ದರು. ಬೆಳ್ತಂಗಡಿ ಕಡೆಯ ಅಜ್ಜಿ, ಅಂದ್ರೆ ಗಂಡನ ಅಜ್ಜಿ, ಈಗ ನಮ್ಮ ಜೊತೆಗೇ ಇದ್ದಾರೆ. ಎಂಟು ಜನ. ಎಂಟೂ ಜನ ಒಂದೇ ಪಾತ್ರೆಯಿಂದ ಬಡಿಸಿಕೊಳ್ಳಬೇಕು, ಯಾರಿಗೂ ‘ನಿಮಗೆ ಬೇರೆ ಮಾಡಿದ್ದೇನೆ’ ಅನ್ನಬಾರದು ಅಂತ ನನ್ನ ಹಟ. ಮೀನು ಹಾಕಿದ ಕ್ರೀಮಿ ಪಾಸ್ತಾ ಬೇಕ್ ಮಾಡ್ತೇನೆ ಅಂದೆ.

"ಅದ್ರಲ್ಲಿ ಬಿಳಿ ಬಿಳಿ ಎಂತ ಹಾಕುದು?" ಅಂತ ಅಜ್ಜಿ ಕೇಳಿದ್ರು.

"ಹಾಲು, ಬೆಣ್ಣೆ, ಮೈದಾ, ಮೇಲಿಂದ ಚೀಸ್."

"ಮೀನಿಗೆ ಹಾಲಾ?" ಅಜ್ಜಿಯ ಕೈ ಅಲ್ಲೇ ನಿಂತಿತು. "ಬೇಡ ಮಗಾ. ತೊನ್ನು ಬರ್ತದೆ."

ಇದು ನಮ್ಮ ಮನೆಯ ಮಾತು ಮಾತ್ರ ಅಲ್ಲ ಅಂತ ನಿಮಗೂ ಗೊತ್ತು. ಓದುತ್ತಿರುವ ನಿಮ್ಮಲ್ಲಿ ಎಷ್ಟು ಜನಕ್ಕೆ ಮೀನಿನ ಊಟ ಮಾಡಿದ ರಾತ್ರಿ ಹಾಲು ಕೊಡದೆ ಮಲಗಿಸಿದ್ದಾರೋ! ಕರಾವಳಿಯಲ್ಲಿ, ಘಟ್ಟದ ಮೇಲೆ, ಉತ್ತರ ಭಾರತದಲ್ಲಿ, ಎಲ್ಲ ಕಡೆ ಇರುವ ಮಾತು ಇದು. ಅದಕ್ಕೊಂದು ಹಳೆಯ ಬೇರೂ ಉಂಟು. ಚರಕ ಸಂಹಿತೆಯ ಸೂತ್ರಸ್ಥಾನದ 26ನೇ ಅಧ್ಯಾಯದಲ್ಲಿ ವಿರುದ್ಧಾಹಾರದ ದೊಡ್ಡ ಚರ್ಚೆಯೇ ಇದೆ. ಅಲ್ಲಿ ಮೊದಲು ಬರುವ ಉದಾಹರಣೆಗಳಲ್ಲೇ ಹಾಲು-ಮೀನು ಇದೆ. ಹಾಲು ಶೀತ, ಮೀನು ಉಷ್ಣ, ಎರಡೂ ಒಟ್ಟಿಗೆ ಹೊಟ್ಟೆಗೆ ಹೋಗಬಾರದು ಅನ್ನುವುದು ಅಲ್ಲಿನ ತರ್ಕ. ಹಾಗಾಗಿ ಅಜ್ಜಿಯಂದಿರು ಸುಮ್ಮನೆ ಕಟ್ಟಿದ ಕತೆ ಅಂತ ನಗಾಡುವ ಹಾಗಿಲ್ಲ.

ಇನ್ನೊಂದು ಕಡೆಯ ಮಾತು ಇಷ್ಟು. ತೊನ್ನು, ಅಂದ್ರೆ ವಿಟಿಲಿಗೋ, ಮೀನು-ಹಾಲಿನಿಂದ ಬರುತ್ತದೆ ಅನ್ನಲಿಕ್ಕೆ ಇವತ್ತಿನ ಚರ್ಮರೋಗ ಶಾಸ್ತ್ರದಲ್ಲಿ ಆಧಾರ ಇಲ್ಲ. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನೊಸೈಟ್ ಅನ್ನುವ ಕೋಶಗಳಿವೆ. ದೇಹದ ರಕ್ಷಣೆಗೆ ಇರುವ ವ್ಯವಸ್ಥೆಯೇ ಆ ಕೋಶಗಳನ್ನು ಶತ್ರು ಅಂತ ತಿಳಿದು ನಾಶ ಮಾಡಿದಾಗ ಆ ಜಾಗ ಬೆಳ್ಳಗಾಗುತ್ತದೆ. ಸ್ವಲ್ಪ ಮಟ್ಟಿಗೆ ವಂಶದಲ್ಲಿ ಬರಬಹುದು. ಮುಟ್ಟಿದರೆ ಅಂಟುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಅಂಟುವುದಿಲ್ಲ. ಹಳಬರು ‘ಬಿಳಿ ಕುಷ್ಠ’ ಅಂತ ಕರೆದದ್ದರಿಂದ ತುಂಬಾ ಅನ್ಯಾಯ ಆಗಿದೆ. ಕುಷ್ಠ ಒಂದು ಬ್ಯಾಕ್ಟೀರಿಯಾದಿಂದ ಬರುವ ಬೇರೆಯೇ ಕಾಯಿಲೆ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಜೀವಮಾನದಲ್ಲಿ ಮೀನು ಮುಟ್ಟದವರಿಗೂ ತೊನ್ನು ಬರುತ್ತದೆ. ಹಾಲಿನಲ್ಲೇ ಮೀನು ಬೇಯಿಸಿ ತಿನ್ನುವ ಇಂಗ್ಲೆಂಡಿನವರಲ್ಲಿ ಹೆಚ್ಚಿನವರಿಗೆ ಬರುವುದಿಲ್ಲ. ಪ್ರತಿ ವರ್ಷ ಜೂನ್ 25ಕ್ಕೆ ವಿಶ್ವ ವಿಟಿಲಿಗೋ ದಿನ ಆಚರಿಸ್ತಾರೆ, 2011ರಿಂದ. ಅದು ಮೈಕೆಲ್ ಜಾಕ್ಸನ್ ತೀರಿಕೊಂಡ ದಿನ. ಅವನಿಗೂ ಇದೇ ಇತ್ತು.

ಇದೆಲ್ಲ ನಾನು ಅಜ್ಜಿಗೆ ಹೇಳಿದೆ. ಮೈಕೆಲ್ ಜಾಕ್ಸನ್ ಬಿಟ್ಟು. ಅಜ್ಜಿ ಹೆರೆಮಣೆಯ ಮೇಲೆ ಕೂತು ಮಧ್ಯಾಹ್ನದ ಪದಾರ್ಥಕ್ಕೆ ಕಾಯಿ ಹೆರೆಯುತ್ತಾ ಇದ್ರು. ಪೂರ್ತಿ ಕೇಳಿಸಿಕೊಂಡ್ರು. ಆಮೇಲೆ ತಂಗಿಯ ಕತೆ ಹೇಳಿದ್ರು.

ಅಜ್ಜಿಗೆ ಎರಡು ವರ್ಷಕ್ಕೆ ಕಿರಿಯ ತಂಗಿ ಒಬ್ಬರಿದ್ದರು. ನಾನು ಮದುವೆಯಾಗಿ ಬರುವ ಹೊತ್ತಿಗೆ ಅವರು ಇರಲಿಲ್ಲ, ಫೋಟೋ ಕೂಡ ನೋಡಿಲ್ಲ. ಹದಿನಾರನೇ ವರ್ಷಕ್ಕೆ ಬೆರಳಿನ ತುದಿಗಳಲ್ಲಿ ಬಿಳಿ ಕಾಣಿಸಿತಂತೆ. ಆಮೇಲೆ ತುಟಿಯ ಬದಿಗೆ. "ಅಮ್ಮ ಹೇಳಿದ್ರು, ನೀನು ಮೀನು ತಿಂದು ಹಾಲು ಕುಡ್ದದ್ದು, ಅದಕ್ಕೇ ಹೀಗಾಯ್ತು ಅಂತ. ಊರವರೂ ಅದನ್ನೇ ಹೇಳಿದ್ರು. ಅವಳು ಕುಡಿದಿರ್ಲಿಲ್ಲ ಮಗಾ. ಕುಡಿಲಿಕ್ಕೆ ಹಾಲೆಲ್ಲಿತ್ತು ನಮಗೆ? ಇದ್ದ ಒಂದು ದನದ ಹಾಲು ಅಪ್ಪನ ಚಾಯಕ್ಕೆ, ಉಳಿದದ್ದು ಮಾರ್ಲಿಕ್ಕೆ."

ಆ ತಂಗಿಗೆ ಮದುವೆ ಆಗಲಿಲ್ಲ. ಮನೆಯ ಕೆಲಸವೆಲ್ಲ ಅವರೇ ಮಾಡ್ತಿದ್ರು. ಗದ್ದೆ, ದನ, ಸೊಪ್ಪು ತರುವುದು, ಅಕ್ಕನ ಬಾಣಂತನ ಕೂಡ. ಆದರೆ ನೆಂಟರು ಬಂದ ದಿನ ಬಡಿಸಲಿಕ್ಕೆ ಮುಂದೆ ಬರುವ ಹಾಗಿರಲಿಲ್ಲ. ಅವರ ತಟ್ಟೆ ಬೇರೆ, ಲೋಟ ಬೇರೆ.

"ಅವರು ಕುಡಿದಿರ್ಲಿಲ್ಲ ಅಂತ ನಿಮಗೆ ಗೊತ್ತುಂಟಲ್ಲ ಅಜ್ಜಿ. ಮತ್ತೆ ಯಾಕೆ ನಂಬ್ತೀರಿ?"

"ನಂಬುದು ಎಂತ ಮಗಾ, ಹೆದರಿಕೆ ಆಗ್ತದೆ. ಮನೆಯಲ್ಲಿ ಸಣ್ಣ ಹೆಣ್ಣುಮಗು ಉಂಟು."

ಸ್ವಲ್ಪ ಹೊತ್ತು ಬಿಟ್ಟು, "ನೀನು ಈಗ ಹೇಳಿದ್ದನ್ನು ಅವಳಿಗೆ ಹೇಳುವವರು ಯಾರೂ ಇರ್ಲಿಲ್ಲ" ಅಂದ್ರು. ಮತ್ತೆ ಕಾಯಿ ಹೆರೆಯಲಿಕ್ಕೆ ಶುರು ಮಾಡಿದ್ರು.

ಇಂಥ ಹೊತ್ತಿನಲ್ಲಿ ‘ಗೊತ್ತಾಗದ ಹಾಗೆ ಹಾಲು ಹಾಕಿ ತಿನ್ನಿಸು, ಆಮೇಲೆ ಹೇಳು, ಏನೂ ಆಗಲಿಲ್ಲ ನೋಡಿ ಅಂತ’ ಅನ್ನುವ ಸಲಹೆ ಕೊಡುವವರಿದ್ದಾರೆ. ನನ್ನ ಗಂಡ ಅದನ್ನೇ ಹೇಳಿದ. ನನಗೆ ಅದು ಸುತಾರಾಂ ಇಷ್ಟ ಇಲ್ಲ. ತಟ್ಟೆಯಲ್ಲಿ ಏನಿದೆ ಅಂತ ತಿಳಿಯುವ ಹಕ್ಕು ಎಂಬತ್ತೈದು ವರ್ಷದವರಿಗೂ ಇದೆ, ಏಳು ವರ್ಷದವಳಿಗೂ ಇದೆ. ಮಾತು ಮಾತಿನಲ್ಲೇ ಮುಗಿಯಲಿ, ಪಾತ್ರೆಯ ಒಳಗೆ ಮೋಸ ಬೇಡ.

ಅಷ್ಟಕ್ಕೂ ಕ್ರೀಮಿ ಆಗಲಿಕ್ಕೆ ದನದ ಹಾಲೇ ಬೇಕು ಅಂತ ಹೇಳಿದ್ದು ಯಾರು? ಅಜ್ಜಿಯ ಮುಂದೆ ತಟ್ಟೆ ತುಂಬಾ ಬೆಳ್ಳಗೆ ಹೆರೆದ ಕಾಯಿ ಇತ್ತು.

ಯೋಚಿಸಿದ್ರೆ ಸೇಮಿಗೆ ಒತ್ತಿ ತೆಂಗಿನಹಾಲು-ಬೆಲ್ಲದ ರಸಾಯನ ಹಾಕಿಕೊಂಡು ತಿನ್ನುವ ನಮಗೆ, ಹಿಟ್ಟಿನ ಎಳೆಗೂ ಬಿಳಿ ಹಾಲಿಗೂ ಇರುವ ಸಂಬಂಧ ಹೊಸತಲ್ಲ. ಇದು ಅದರದ್ದೇ ಖಾರದ ತಂಗಿ.

ಈಗ ಅಡುಗೆಗೆ ಬರೋಣ. ಎಂಟು ಜನಕ್ಕೆ ಲೆಕ್ಕ ಹೇಳ್ತೇನೆ, ನಾಲ್ಕು ಜನ ಇದ್ರೆ ಎಲ್ಲವನ್ನೂ ಅರ್ಧ ಮಾಡಿಕೊಳ್ಳಿ.

ಮೊದಲು ಮೀನು, ಯಾಕಂದ್ರೆ ಇಲ್ಲೇ ಹೆಚ್ಚಿನ ಬೇಕ್‌ಗಳು ಕೆಡುವುದು. ಬಂಗುಡೆ, ಬೂತಾಯಿ ಬೇಡ. ಅವು ಎಣ್ಣೆ ಮೀನು, ಮುಳ್ಳೂ ಜಾಸ್ತಿ, ಬಿಳಿ ಸಾಸ್‌ನಲ್ಲಿ ಅವುಗಳ ವಾಸನೆ ಮಾತ್ರ ಉಳಿಯುತ್ತದೆ. ಅವಕ್ಕೆ ಹುಳಿ, ಮೆಣಸೇ ಸರಿ. ಕಾಣೆ ತುಂಬಾ ನಾಜೂಕು, ಬೇಕ್ ಮಾಡಿದ್ರೆ ಹಿಟ್ಟಾಗ್ತದೆ, ಮತ್ತು ಕಾಣೆಯನ್ನು ರವೆಯಲ್ಲಿ ಹುರಿಯದೆ ಇದಕ್ಕೆ ಹಾಕುವುದು ಪಾಪ. ಅಂಜಲ್ ಆಗಬಹುದು, ನಡುವೆ ಒಂದು ಮುಳ್ಳು ಬಿಟ್ರೆ ತೊಂದರೆ ಇಲ್ಲ, ಆದರೆ ಜಾಸ್ತಿ ಬೆಂದ್ರೆ ಒಣಗಿ ಹತ್ತಿಯ ಹಾಗೆ ಆಗ್ತದೆ, ಕಿಸೆಗೂ ಭಾರ. ನನ್ನ ಆಯ್ಕೆ ಮುರು ಮೀನು. ದಪ್ಪ ಬಿಳಿ ಮಾಂಸ, ಬೆಂದ ಮೇಲೆ ದಳ ದಳವಾಗಿ ಬಿಡಿಸಿಕೊಳ್ಳುತ್ತದೆ, ಬೆಲೆ ಹೆಚ್ಚಾಗಿ ಅಂಜಲ್‌ಗಿಂತ ಕೆಳಗೇ. ಚರ್ಮ ಮಾತ್ರ ದಪ್ಪ, ಮಾರುವವರಿಗೆ ಹೇಳಿದ್ರೆ ತೆಗೆದು ಕೊಡ್ತಾರೆ. ತುಂಡು ಮಾಡಿದ್ದು 800 ಗ್ರಾಂ ಬೇಕು. ತುಂಡಾದ ಮೀನಿಗೆ ಕಣ್ಣು, ಕಿವಿರು ನೋಡುವ ಹಾಗಿಲ್ಲವಲ್ಲ, ಬೆರಳಲ್ಲಿ ಒತ್ತಿ ನೋಡಿ. ಒತ್ತಿದ ಗುಳಿ ಹಿಂದೆ ಬರಬೇಕು. ಮೂಗಿಗೆ ಸಮುದ್ರದ ವಾಸನೆ ಬರಲಿ, ಅಮೋನಿಯಾ ಬರಬಾರದು.

ಜೂನ್, ಜುಲೈ ಆದ್ರೆ ಇನ್ನೊಂದು ವಿಷಯ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಟ್ಟು ಮರಿ ಮಾಡುವ ಕಾಲ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುವುದರಿಂದ ಮಳೆಗಾಲದಲ್ಲಿ ದೊಡ್ಡ ಮೀನು ಆ ಕಡೆಯಿಂದ ಐಸ್‌ನಲ್ಲಿ ಬರುವುದುಂಟು. ಆ ಎರಡು ತಿಂಗಳು ಈ ಅಡುಗೆಗೆ ನಾನು ಮೀನಿನ ಬದಲು ಅಣಬೆ ಹಾಕ್ತೇನೆ. ಬೆಂಗಳೂರಿನ ಫ್ಲಾಟಿನಲ್ಲಿ ಕೂತು ಫ್ರೋಜನ್ ಬಾಸಾ ಬಿಟ್ರೆ ಬೇರೆ ಗತಿ ಇಲ್ಲ ಅನ್ನುವವರು ಅದನ್ನು ರಾತ್ರಿಯೇ ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿಟ್ಟು ಕರಗಿಸಿ, ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ. ಇಲ್ಲದಿದ್ರೆ ಸಾಸ್ ಸಾರಾಗ್ತದೆ.

ತುಂಡುಗಳಿಗೆ ಉಪ್ಪು, ಅರ್ಧ ಚಮಚ ಕುಟ್ಟಿದ ಕಾಳುಮೆಣಸು ಸವರಿ ಹದಿನೈದು ನಿಮಿಷ ಬಿಡಿ. ಅರಶಿನ ಬೇಡ, ಬಿಳಿ ಹೋಗಿ ಹಳದಿಯಾಗ್ತದೆ. ಆದ್ರೆ ಆಗಲಿ ಅನ್ನುವವರು ಹಾಕಿ, ರುಚಿಗೆ ನಷ್ಟ ಇಲ್ಲ.

ತೆಂಗಿನಕಾಯಿ ಮೂರು. ಹೆರೆದು, ಒಂದು ಲೋಟ ಉಗುರುಬೆಚ್ಚಗಿನ ನೀರು ಹಾಕಿ ಮಿಕ್ಸಿಯಲ್ಲಿ ರುಬ್ಬಿ ಬಟ್ಟೆಯಲ್ಲಿ ಹಿಂಡಿ. ಸುಮಾರು 400 ಮಿಲಿ ದಪ್ಪ ಹಾಲು ಸಿಗಬೇಕು. ಅದನ್ನು ಬದಿಗಿಡಿ. ಅದೇ ಚರಟಕ್ಕೆ ಮತ್ತೆ ನೀರು ಹಾಕಿ ರುಬ್ಬಿ ಹಿಂಡಿದ ಎರಡನೇ ಹಾಲು 700 ಮಿಲಿ. ಸಮಯ ಇಲ್ಲದವರು 200 ಮಿಲಿಯ ಎರಡು ತೆಂಗಿನಹಾಲಿನ ಪ್ಯಾಕ್ ದಪ್ಪ ಹಾಲಿಗೆ, ಇನ್ನೊಂದು ಪ್ಯಾಕಿಗೆ ಅರ್ಧ ಲೀಟರ್ ನೀರು ಬೆರೆಸಿ ತೆಳು ಹಾಲಿಗೆ ಇಟ್ಟುಕೊಳ್ಳಿ. ಪ್ಯಾಕಿನ ಹಿಂದೆ ಸಕ್ಕರೆ ಸೇರಿಸಿದ್ದಾರಾ ಅಂತ ಒಮ್ಮೆ ಓದಿ.

ಈಗ ಮೀನನ್ನು ತೆಳು ಹಾಲಿನಲ್ಲಿ ಬೇಯಿಸುವುದು. ಅಗಲದ ಪಾತ್ರೆಯಲ್ಲಿ ಎರಡನೇ ಹಾಲು, ಎರಡು ಎಸಳು ಕರಿಬೇವು, ಜಜ್ಜಿದ ಶುಂಠಿ ಒಂದಿಂಚು, ಸೀಳಿದ ಹಸಿಮೆಣಸು ಎರಡು. ಕುದಿ ಬರುವ ಮೊದಲು, ಬದಿಯಲ್ಲಿ ಸಣ್ಣ ಗುಳ್ಳೆ ಏಳುವಾಗ ಮೀನಿನ ತುಂಡು ಇಳಿಸಿ ಉರಿ ಸಣ್ಣ ಮಾಡಿ. ನಾಲ್ಕೇ ನಿಮಿಷ. ಮುಕ್ಕಾಲು ಬೆಂದ್ರೆ ಸಾಕು, ಉಳಿದದ್ದು ಓವನ್ ನೋಡಿಕೊಳ್ಳುತ್ತದೆ. ತುಂಡುಗಳನ್ನು ತಟ್ಟೆಗೆ ತೆಗೆದು, ತಣಿದ ಮೇಲೆ ಕೈಯಿಂದಲೇ ಬಿಡಿಸಿ ಪ್ರತಿಯೊಂದು ಮುಳ್ಳನ್ನೂ ತೆಗೆಯಿರಿ. ಚಮಚದಲ್ಲಿ ಇದು ಆಗುವುದಿಲ್ಲ. ಬೆರಳಿಗೆ ಮಾತ್ರ ಗೊತ್ತಾಗುವ ಸಣ್ಣ ಮುಳ್ಳುಗಳಿರುತ್ತವೆ. ನಮ್ಮಲ್ಲಿ ಈ ಕೆಲಸಕ್ಕೆ ಆ ಏಳು ವರ್ಷದವಳನ್ನೇ ಕೂರಿಸಿದೆ. ಅವಳು ಹನ್ನೊಂದು ಮುಳ್ಳು ಹುಡುಕಿ ಒಂದು ಬಟ್ಟಲಿನಲ್ಲಿ ಸಾಲಾಗಿಟ್ಟಳು. ತಾನೇ ತೆಗೆದ ಮೇಲೆ ಮೀನಿನ ಬಗ್ಗೆ ಅರ್ಧ ಹೆದರಿಕೆ ಅಲ್ಲೇ ಹೋಯ್ತು ಅಂತ ಕಾಣ್ತದೆ.

ಪಾತ್ರೆಯಲ್ಲಿ ಉಳಿದ ತೆಳು ಹಾಲಿಗೆ ಮೀನಿನ ರುಚಿ ಪೂರ್ತಿ ಇಳಿದಿರುತ್ತದೆ. ಅದೇ ಸಾಸ್‌ನ ಜೀವ. ಸೋಸಿ ಇಟ್ಟುಕೊಳ್ಳಿ.

ಪಾಸ್ತಾ 400 ಗ್ರಾಂ. ಪೆನ್ನೆ ಒಳ್ಳೆಯದು, ಕೊಳವೆಯ ಒಳಗೆ ಸಾಸ್ ಸೇರಿಕೊಳ್ಳುತ್ತದೆ. ಧಾರಾಳ ನೀರು, ಎರಡು ಚಮಚ ಉಪ್ಪು, ಪ್ಯಾಕೆಟ್ಟಿನಲ್ಲಿ ಬರೆದ ಸಮಯಕ್ಕಿಂತ ಎರಡು ನಿಮಿಷ ಮೊದಲೇ ಬಸಿಯಿರಿ. ಬಸಿದ ನೀರು ಒಂದು ಲೋಟ ಇರಲಿ. ಕೆಲವರು ಬಸಿದ ಮೇಲೆ ತಣ್ಣೀರಿನಲ್ಲಿ ತೊಳೆಯುತ್ತಾರೆ. ಬೇಡ, ಹೊರಗಿನ ಗಂಜಿ ತೊಳೆದು ಹೋದ್ರೆ ಸಾಸ್ ಅಂಟುವುದಿಲ್ಲ.

ಸಾಸ್‌ಗೆ ಮೈದಾ ಬದಲು ಬೆಳ್ತಿಗೆ ಅಕ್ಕಿಹಿಟ್ಟು ಆರು ದೊಡ್ಡ ಚಮಚ. ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕದಡಿಕೊಳ್ಳಿ. ಬಾಣಲೆಯಲ್ಲಿ ಮೂರು ಚಮಚ ತೆಂಗಿನೆಣ್ಣೆ, ಸಣ್ಣಗೆ ಹೆಚ್ಚಿದ ಎರಡು ನೀರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ. ಕೆಂಪಾಗಬಾರದು, ಮೆತ್ತಗಾದ್ರೆ ಸಾಕು. ಒಂದು ಹಿಡಿ ಹಸಿರು ಹರಿವೆ ಸೊಪ್ಪು ಹೆಚ್ಚಿ ಹಾಕಿ ಬಾಡಿಸಿ. ಕೆಂಪು ಹರಿವೆ ಹಾಕಿದ್ರೆ ಇಡೀ ಅಡುಗೆ ಗುಲಾಬಿಯಾಗ್ತದೆ, ಮಕ್ಕಳ ಹುಟ್ಟುಹಬ್ಬಕ್ಕೆ ಬೇಕಾದ್ರೆ ನೋಡಬಹುದು. ಸೋಸಿದ ತೆಳು ಹಾಲು ಸುರಿದು ಬಿಸಿಯಾದ ಮೇಲೆ ಅಕ್ಕಿಹಿಟ್ಟಿನ ನೀರನ್ನು ಕೈ ಬಿಡದೆ ತಿರುವುತ್ತಾ ಹಾಕಿ. ಎರಡು ಮೂರು ನಿಮಿಷದಲ್ಲಿ ದೋಸೆ ಹಿಟ್ಟಿನಷ್ಟು ದಪ್ಪವಾಗುತ್ತದೆ. ಈಗ ಉರಿ ಪೂರ್ತಿ ಸಣ್ಣ ಮಾಡಿ ದಪ್ಪ ಹಾಲು ಹಾಕಿ. ಇಲ್ಲಿಂದ ಮುಂದೆ ಕುದಿಸಬೇಡಿ. ತೆಂಗಿನಹಾಲು ಅಂದ್ರೆ ನೀರಿನಲ್ಲಿ ಎಣ್ಣೆಯ ಸಣ್ಣ ಸಣ್ಣ ಹನಿಗಳು ತೇಲಿಕೊಂಡಿರುವುದು, ಆ ಹನಿಗಳನ್ನು ಕೂಡದ ಹಾಗೆ ಹಿಡಿದಿಡುವುದು ಅದರಲ್ಲಿರುವ ಪ್ರೋಟೀನು. ಜೋರು ಕುದಿಗೆ ಆ ಪ್ರೋಟೀನು ಗಟ್ಟಿಯಾಗಿ ಹಿಡಿತ ಬಿಡುತ್ತದೆ, ಹಾಲು ಒಡೆಯುತ್ತದೆ. ಅಕ್ಕಿಹಿಟ್ಟು ಮೊದಲೇ ಇದ್ದರೆ ಅದು ಸ್ವಲ್ಪ ಕಾಯುತ್ತದೆ, ಹಾಗಂತ ಅದರ ಮೇಲೆ ಪೂರ್ತಿ ಭಾರ ಹಾಕಬಾರದು.

ಒಂದೂವರೆ ಚಮಚ ಕುಟ್ಟಿದ ಕಾಳುಮೆಣಸು, ಉಪ್ಪು, ತುರಿದ ಜಾಯಿಕಾಯಿ ಒಂದು ಚಿಟಿಕೆ. ವೈಟ್ ಸಾಸ್‌ಗೆ ಜಾಯಿಕಾಯಿ ಹಾಕುವುದು ಯುರೋಪಿನವರ ಹಳೆಯ ಕ್ರಮ. ನಮ್ಮ ಅಡಿಕೆ ತೋಟಗಳಲ್ಲೂ ಜಾಯಿಕಾಯಿ ಮರ ಉಂಟು, ಅಡಿಕೆ ಮರವನ್ನೇ ಹಬ್ಬಿ ಕಾಳುಮೆಣಸೂ ಉಂಟು.

ಹುಳಿಗೆ ಬಿಂಬುಳಿ. ನಾಲ್ಕು ಕಾಯಿ, ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ಮೀನಿನ ಜೊತೆ ಬೆರೆಸಿ. ಸಿಗದಿದ್ರೆ ಒಲೆ ಆರಿಸಿದ ಮೇಲೆ ಒಂದು ಲಿಂಬೆ ಹಿಂಡಿ. ತೆಂಗಿನಹಾಲಿನ ಸಿಹಿಗೆ ಈ ಹುಳಿ ಬೇಕೇ ಬೇಕು, ಇಲ್ಲದಿದ್ರೆ ನಾಲ್ಕನೇ ತುತ್ತಿಗೆ ಬಾಯಿ ಕಟ್ಟಿದ ಹಾಗಾಗ್ತದೆ. ಹುಳಿ ಇರುವುದರಿಂದ ಅಲ್ಯೂಮಿನಿಯಂ ಟ್ರೇ ಬೇಡ, ಗಾಜು ಅಥವಾ ಸ್ಟೀಲು ಇರಲಿ.

ಪಾಸ್ತಾ, ಸಾಸ್ ಮೊದಲು ಕಲಸಿ. ಬಸಿದ ನೀರು ಅರ್ಧ ಲೋಟ ಸೇರಿಸಿ ಸ್ವಲ್ಪ ಸಡಿಲವೇ ಇರಲಿ, ಬೇಯುವಾಗ ಪಾಸ್ತಾ ಕುಡಿದುಕೊಳ್ಳುತ್ತದೆ. ಮೀನನ್ನು ಕೊನೆಗೆ, ಮುರಿಯದ ಹಾಗೆ ಮಡಚಿ ಮಡಚಿ ಸೇರಿಸಿ.

ಮೇಲಿನ ಗರಿಗರಿಗೆ ಸಾಮಾನ್ಯವಾಗಿ ಬ್ರೆಡ್ ಪುಡಿ, ಚೀಸ್. ನಮ್ಮಲ್ಲಿ ಚೀಸ್ ಇಲ್ಲವಲ್ಲ. ಕೋರಿ ರೊಟ್ಟಿ ಪ್ಯಾಕೆಟ್ ಇತ್ತು. ಎರಡು ರೊಟ್ಟಿ ಕೈಯಲ್ಲಿ ಪುಡಿ ಮಾಡಿ, ತುಂಬಾ ನುಣ್ಣಗೆ ಬೇಡ, ಎರಡು ಚಮಚ ತೆಂಗಿನೆಣ್ಣೆ, ಜಜ್ಜಿದ ಬೆಳ್ಳುಳ್ಳಿ, ಚೂರು ಬ್ಯಾಡಗಿ ಮೆಣಸಿನ ಪುಡಿ ಹಾಕಿ ಕಲಸಿ ಮೇಲೆ ಹರಡಿದೆ. ಬ್ರೆಡ್ ಪುಡಿಗಿಂತ ಇದೇ ಒಳ್ಳೆಯದು ಅಂತ ಈಗ ನಾನು ಧೈರ್ಯವಾಗಿ ಹೇಳ್ತೇನೆ. ಕೆಳಗಿನ ಪದರ ಸಾಸ್ ಕುಡಿದು ಮೆತ್ತಗಾಗ್ತದೆ, ಮೇಲಿನದ್ದು ಹಲ್ಲಿಗೆ ಕಟುಂ ಅನ್ನುತ್ತದೆ.

ಓಟಿಜಿ ಇದ್ದವರು 190 ಡಿಗ್ರಿಗೆ ಕಾಯಿಸಿ 25 ನಿಮಿಷ ಇಡಿ, ಕೊನೆಯ ಐದು ನಿಮಿಷ ಮೇಲಿನ ರಾಡ್ ಮಾತ್ರ. ಓವನ್ ಇಲ್ಲದವರು ಬೇಜಾರು ಮಾಡಬೇಡಿ. ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಒಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಸ್ಟೀಲ್ ಪಾತ್ರೆಯನ್ನು ಒಳಗಿಳಿಸಿ ಮುಚ್ಚಿ ಸಣ್ಣ ಉರಿಯಲ್ಲಿ 30 ನಿಮಿಷ ಬಿಡಿ. ರೊಟ್ಟಿ ಪುಡಿಯನ್ನು ಮಾತ್ರ ಬೇರೆಯಾಗಿ ಕಾವಲಿಯಲ್ಲಿ ಹುರಿದು ಬಡಿಸುವಾಗ ಉದುರಿಸಿ, ಒಳಗೆ ಹಬೆಗೆ ಮೆತ್ತಗಾಗ್ತದೆ.

ಅಜ್ಜಿ ಓಟಿಜಿಯ ಗಾಜಿನಿಂದ ಮೇಲೆ ಕೆಳಗೆ ಕೆಂಪಾಗಿರುವ ರಾಡುಗಳನ್ನು ನೋಡಿ, "ಇದು ಗೆಂಡದಡ್ಯೆಯ ಹಾಗೆಯೇ ಅಲ್ವಾ?" ಅಂದ್ರು. ಹೌದು ಮತ್ತೆ. ತುಳುವಿನಲ್ಲಿ ಗೆಂಡ ಅಂದ್ರೆ ಕೆಂಡ. ಪಾತ್ರೆಯ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸುವ ಅಡ್ಯೆ. "ತಂಗಿ ಚೆನ್ನಾಗಿ ಮಾಡ್ತಿದ್ಲು. ಕೆಂಡ ಎಷ್ಟು ಹೊತ್ತಿಗೆ ತೆಗಿಬೇಕು ಅಂತ ಅವಳಿಗೇ ಗೊತ್ತಿದ್ದದ್ದು. ಗೆರಟೆಯ ಕೆಂಡವೇ ಆಗ್ಬೇಕು ಅವಳಿಗೆ." ಅವರ ಹೆಸರು ನಮ್ಮ ಮನೆಯಲ್ಲಿ ಒಂದೇ ದಿನ ಎರಡು ಸಲ ಬಂದದ್ದು ಅದೇ ಮೊದಲು ಅಂತ ಗಂಡ ಆಮೇಲೆ ಹೇಳಿದ.

ಹೊರಗೆ ತೆಗೆದ ಮೇಲೆ ಹತ್ತು ನಿಮಿಷ ಹಾಗೇ ಬಿಡಿ. ಕೂಡಲೇ ಬಡಿಸಿದ್ರೆ ಹರಿದಾಡುತ್ತದೆ, ನಾಲಗೆಯೂ ಸುಡುತ್ತದೆ. ಜೊತೆಗೆ ಸೌತೆಕಾಯಿ, ನೀರುಳ್ಳಿ, ಲಿಂಬೆಯ ಸಲಾಡ್ ಸಾಕು. ಅಮ್ಮ ಮಾತ್ರ ‘ಯಾವುದಕ್ಕೂ ಇರಲಿ’ ಅಂತ ಮೂಡುಬಿದಿರೆಯಿಂದಲೇ ನೀರ್ ದೋಸೆ ಡಬ್ಬಿ ತಂದಿದ್ದರು. ಅದೂ ಖಾಲಿಯಾಯ್ತು.

ಹಾಲು ಹಾಕಿಯೇ ಮಾಡ್ತೇನೆ ಅನ್ನುವವರು ಧೈರ್ಯವಾಗಿ ಮಾಡಿ. ತೆಳು ಹಾಲು, ದಪ್ಪ ಹಾಲಿನ ಬದಲು ಒಂದು ಲೀಟರ್ ದನದ ಹಾಲು, ತೆಂಗಿನೆಣ್ಣೆ ಬದಲು ಬೆಣ್ಣೆ, ಬಿಂಬುಳಿ ಮಾತ್ರ ಬೇಡ, ಹಾಲು ಒಡೆಯುತ್ತದೆ. ಮೀನು, ಹಾಲಿನ ಅಲರ್ಜಿ ಇರುವವರನ್ನು ಬಿಟ್ರೆ ಇದನ್ನು ತಿಂದವರಿಗೆ ಏನೂ ಆಗುವುದಿಲ್ಲ. ಹಾಲು ಕುಡಿದ್ರೆ ಹೊಟ್ಟೆ ಉಬ್ಬರಿಸುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ, ಅವರಿಗೆ ತೆಂಗಿನಹಾಲಿನದ್ದೇ ಹಿತ. ಇನ್ನು ಮೈಮೇಲೆ ಬಿಳಿ ಮಚ್ಚೆ ಕಂಡವರು ತಟ್ಟೆಯಲ್ಲಿ ತಪ್ಪು ಹುಡುಕುವುದು ಬಿಟ್ಟು ಚರ್ಮದ ಡಾಕ್ಟರ ಹತ್ತಿರ ಹೋಗಿ. ಬೇಗ ಹೋದಷ್ಟು ಚಿಕಿತ್ಸೆ ಹೆಚ್ಚು ಫಲ ಕೊಡುತ್ತದೆ.

ಊಟದ ಮೇಜಿನಲ್ಲಿ ಏನಾಯ್ತು ಅಂದ್ರೆ, ಸಣ್ಣವಳು ಬಿಂಬುಳಿ ಬಿಲ್ಲೆಗಳನ್ನೆಲ್ಲ ಆರಿಸಿ ಅಜ್ಜಿಯ ತಟ್ಟೆಗೆ ಹಾಕಿದಳು, ಅಜ್ಜಿ ತಮ್ಮ ಪಾಲಿನ ರೊಟ್ಟಿಯ ಗರಿಗರಿಯನ್ನು ಅವಳ ತಟ್ಟೆಗೆ. ಅಜ್ಜಿಗೆ ಹಲ್ಲಿಲ್ಲ. ಅಪ್ಪ ಎರಡು ಸಲ ಹಾಕಿಸಿಕೊಂಡು, ‘ಪುಳಿಮುಂಚಿ ಇದ್ದಿದ್ರೆ’ ಅಂತ ಅರ್ಧಕ್ಕೆ ನಿಲ್ಲಿಸಿದ್ರು, ಅಮ್ಮ ನೋಡಿದ ರೀತಿಗೆ.

ಸ್ವಲ್ಪ ಉಳಿಯಿತು. ಮೀನು, ತೆಂಗಿನಹಾಲು ಎರಡೂ ಬೇಗ ಕೆಡುವಂಥವು, ಆರಿದ ಕೂಡಲೇ ಫ್ರಿಜ್ಜಿಗೆ ಹೋಗಬೇಕು, ಮರುದಿನವೇ ಮುಗಿಸಬೇಕು. ತಣ್ಣಗಾದ ಮೇಲೆ ಗಟ್ಟಿಯಾಗಿ ಕೂತಿರುತ್ತದೆ, ಚಾಕುವಿನಲ್ಲಿ ಚೌಕ ಚೌಕವಾಗಿ ಕೊಯ್ಯಬಹುದು. ಕಾವಲಿಯ ಮೇಲೆ ಒಂದು ಚಮಚ ತೆಂಗಿನೆಣ್ಣೆ ಹಾಕಿ ಎರಡೂ ಬದಿ ಕೆಂಪಗೆ ಕಾಯಿಸಿದ್ರೆ ಮೊದಲ ದಿನಕ್ಕಿಂತ ರುಚಿ. ಅಜ್ಜಿ ಅದನ್ನು ಬೆಳಿಗ್ಗೆ ಗಂಜಿಗೆ ನೆಂಜಿಕೊಂಡು ತಿಂದ್ರು.